ಪ್ಲಾಸ್ಟಿಕ್ ತೆಗೆಯದ ಹಾಸಿಗೆ

ಮಾರಿಫೆ ತನ್ನ ತಾಯಿಗೆಂದು ಕೊಂಡ ಹಾಸಿಗೆಯನ್ನು ಅಂಗಡಿಯಿಂದ ತಂದು, ಮೂರನೆಯ ಮಹಡಿಗೆ ಹತ್ತಿಸಿ, ಸೊಂಟ ಹಿಡಿಸಿಕೊಂಡವನು ನಾನು. ಆಮೇಲೆ ಸೊಂಟ ವಾಸಿಯಾಯಿತು, ಮತ್ತೆ ಹಿಡಿಯಿತು, ಈಗ ಹಿಡಿದುಕೊಂಡೇ ಇದೆ. ಆ ಹಾಸಿಗೆಯ ಪ್ಲಾಸ್ಟಿಕ್ ಮಾತ್ರ ಅಷ್ಟು ವರ್ಷವೂ ಅಂಗಡಿಯಿಂದ ಬಂದ ಹಾಗೆಯೇ ಇತ್ತು.

ಪ್ಲಾಸ್ಟಿಕ್ ತೆಗೆಯುವುದು ನಮ್ಮ ಫಿಲಿಪಿನೋ ಜನಕ್ಕೆ ಸಲೀಸಾಗಿ ಬರುವ ಕೆಲಸವಲ್ಲ. ನನ್ನ ಮನೆಯ ಟಿ.ವಿ. ರಿಮೋಟು ಇವತ್ತಿಗೂ ತನ್ನ ಹುಟ್ಟಿನ ಹೊದಿಕೆಯಲ್ಲೇ ಇದೆ. ಎಷ್ಟು ಒತ್ತಿದರೂ ಚಾನೆಲ್ ಬದಲಾಗುವುದಿಲ್ಲ, ಆದರೆ ಹೊಸದರಂತೆ ಕಾಣುತ್ತದೆ. ಮಾರಿಫೆಯ ಹಾಸಿಗೆಯ ವಿಷಯ ಹಾಗಲ್ಲ. ತಾಯಿ ಬರಬೇಕು, ಬಂದು ತನ್ನ ಕೈಯಾರೆ ಆ ಪ್ಲಾಸ್ಟಿಕ್ ಹರಿಯಬೇಕು, ಅವತ್ತು ತಾವಿಬ್ಬರೂ ಒಂದೇ ಸೂರಿನಡಿ ಮಲಗಬೇಕು. ಇದು ಅವಳ ಹಠ. ಅವಳಿಗೆ ಬೇರೆ ಹಠಗಳೇ ಇರಲಿಲ್ಲ. ಉಳಿದೆಲ್ಲ ವಿಷಯದಲ್ಲಿ ಯಾರು ಏನು ಹೇಳಿದರೂ ಹೂಂ ಅನ್ನುವ ಹೆಂಗಸು.

ತಾಯಿ ಫ್ಲೋರ್ಡೆಲಿಸಾ ಹಾಂಗ್‌ಕಾಂಗಿಗೆ ಮನೆಗೆಲಸಕ್ಕೆ ಹೋದಾಗ ಮಾರಿಫೆಗೆ ನಾಲ್ಕು ವರ್ಷ. ಊರಲ್ಲಿ, ಬತಾಂಗಾಸ್‌ನ ಲೆಮೆರಿಯಲ್ಲಿ, ಅಜ್ಜಿ ಅವಳನ್ನು ಬೆಳೆಸಿದಳು. ತಾಯಿ ಹಾಂಗ್‌ಕಾಂಗಿನಲ್ಲಿ ಒಬ್ಬರ ಮಕ್ಕಳನ್ನು ಬೆಳೆಸಿ, ಅವರು ದೊಡ್ಡವರಾದ ಮೇಲೆ ಇನ್ನೊಬ್ಬರ ಮಕ್ಕಳನ್ನು ಬೆಳೆಸಿದಳು. ಎರಡು ವರ್ಷಕ್ಕೊಮ್ಮೆ ಹದಿನೈದು ದಿನ ರಜೆಗೆ ಬರುತ್ತಿದ್ದಳಂತೆ. ಮೊದಲ ವಾರ ತಾಯಿ ಮಗಳು ಪರಿಚಯ ಮಾಡಿಕೊಳ್ಳುವುದರಲ್ಲಿ ಹೋಗುತ್ತಿತ್ತು, ಎರಡನೆಯ ವಾರ ಅಳುವುದರಲ್ಲಿ. ಆ ದುಡ್ಡಿನಲ್ಲೇ ಓದಿ ಮಾರಿಫೆ ಕೆನಡಾಕ್ಕೆ, ವಿನಿಪೆಗ್ಗಿಗೆ ಬಂದಳು. ಇಲ್ಲಿ ವೃದ್ಧಾಶ್ರಮವೊಂದರಲ್ಲಿ ಮುದುಕ ಮುದುಕಿಯರನ್ನು ಎಬ್ಬಿಸಿ, ಮೀಯಿಸಿ, ತಿನ್ನಿಸಿ, ಮಲಗಿಸುವ ಕೆಲಸ ಹಿಡಿದಳು. ನಮ್ಮದೇ ಕಟ್ಟಡದಲ್ಲಿ ಮನೆ ಮಾಡಿದಳು. ನಾನು, ನನ್ನ ಹೆಂಡತಿ ಲೂಸಿಂಗ್, ನಮ್ಮ ಇಬ್ಬರು ಮಕ್ಕಳು ಕೆಳಗೆ, ಮಾರಿಫೆ ಮೇಲೆ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದರೆ, "ಮೊದಲು ಇನಾಯ್ ಬರ್ಲಿ" ಅನ್ನುತ್ತಿದ್ದಳು. ಇನಾಯ್ ಎಂದರೆ ನಮ್ಮ ಕಡೆಯವರ ಬಾಯಲ್ಲಿ ಅಮ್ಮ.

ಆ ತಾಯಿಯನ್ನು ನಾನು ಮೊದಲು ನೋಡಿದ್ದು ಫೋನಿನಲ್ಲಿ. ಮಾರಿಫೆಯ ಅಡಿಗೆಮನೆಯ ನಲ್ಲಿ ಸೋರುತ್ತಿತ್ತು. ನಾನು ಶಾಲೆಯ ಬಸ್ಸು ಓಡಿಸುವವನು. ಬಸ್ಸಿನ ಗಾಲಿ ಬಿಚ್ಚಬಲ್ಲವನಿಗೆ ನಲ್ಲಿ ಯಾವ ಲೆಕ್ಕ ಎಂದು ಸ್ಪ್ಯಾನರು ಹಿಡಿದು ಕೂತಿದ್ದೆ. ನಮಗೆ ಸಂಜೆ, ಹಾಂಗ್‌ಕಾಂಗಿನಲ್ಲಿ ಬೆಳಗು. ಫೋನಿನ ಪರದೆಯಲ್ಲಿ ಒಂದು ಸಣ್ಣ ಮುಖ ಒಲೆಯ ಮುಂದೆ ಅತ್ತಿತ್ತ ಓಡಾಡುತ್ತಿತ್ತು.

"ಯಾರೇ ಅದು, ನಲ್ಲಿ ಹತ್ರ ಕೂತಿರೋದು?"

"ಕುಯಾ ದೋರೋ, ಇನಾಯ್. ಕೆಳಗಿನ ಮನೆ ಅಣ್ಣ. ರಿಪೇರಿ ಮಾಡ್ತಿದಾರೆ."

"ಒಂದು ಕಡೆ ಸೋರ್ತಿದೆ ಅಂದಿದ್ಯಲ್ಲ. ಈಗ ನೋಡಿದ್ರೆ ಎರಡು ಕಡೆ ನೀರು ಬರ್ತಿದೆಯಲ್ಲೇ?"

ನಾನು ಸ್ಪ್ಯಾನರನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ತಡಿ, ಕಾ-ಯಿ ಎದ್ಳು. ಮೊಟ್ಟೆ ಇಡಬೇಕು. ಅವಳಿಗೆ ಒಳಗೆ ಹಳದಿ ಹರೀತಾ ಇರಬೇಕು, ತಮ್ಮನಿಗೆ ಕಲ್ಲಿನ ಹಾಗೆ ಬೇಯಿಸ್ಬೇಕು, ಯಜಮಾನರಿಗೆ ಬರೀ ಬಿಳಿ. ಒಂಚೂರು ಹೆಚ್ಚುಕಮ್ಮಿ ಆದ್ರೆ ತಟ್ಟೆ ಮುಟ್ಟಲ್ಲ ಕಣೇ. ಆಮೇಲೆ ಅವಳ ಬೂಟಿಗೆ ಎರಡು ಗಂಟು ಹಾಕ್ಬೇಕು, ಒಂದು ಗಂಟು ಹಾಕಿದ್ರೆ ಶಾಲೇಲಿ ಬಿಚ್ಕೊಂಡು ಬೀಳ್ತಾಳೆ."

ಮಾರಿಫೆ ನಗುತ್ತಾ ತಲೆಯಾಡಿಸುತ್ತಿದ್ದಳು. ಕಾ-ಯಿ ಎಂಬ ಯಾರದೋ ಮಗುವಿನ ಮೊಟ್ಟೆ ಎಷ್ಟು ಬೇಯಬೇಕೆಂಬುದು ಅವಳಿಗೂ ಬಾಯಿಪಾಠವಾಗಿತ್ತು. ನಲ್ಲಿಗೆ ಕೊನೆಗೆ ಪ್ಲಂಬರ್ ಬಂದ.

ತಂದೆತಾಯಿಯನ್ನು ಇಲ್ಲಿಗೆ ಕರೆಸಿಕೊಳ್ಳುವುದು ಹೇಗೆಂದು ನಮ್ಮ ಚರ್ಚಿನ ಯಾರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಸರ್ಕಾರ ಒಂದು ಗೆರೆ ಎಳೆದಿದೆ. ನಿಮ್ಮ ಸಂಪಾದನೆ ಆ ಗೆರೆಯ ಮೇಲಿರಬೇಕು. ಒಂದು ವರ್ಷ ಇದ್ದರೆ ಸಾಲದು, ಬೆನ್ನುಬೆನ್ನಿಗೆ ಮೂರು ವರ್ಷ ಇರಬೇಕು. ಮನೆಯಲ್ಲಿ ಉಣ್ಣುವ ಬಾಯಿ ಹೆಚ್ಚಾದಷ್ಟೂ ಗೆರೆ ಮೇಲಕ್ಕೇರುತ್ತದೆ. ಇನ್ನೂ ವಿಮಾನವನ್ನೇ ಹತ್ತದ ತಾಯಿಯ ಬಾಯಿಯನ್ನೂ ಅದರಲ್ಲಿ ಹಿಡಿಯುತ್ತಾರೆ. ಇಷ್ಟೆಲ್ಲ ಇದ್ದರೂ ಅರ್ಜಿ ಹಾಕುವ ಹಾಗಿಲ್ಲ. ಮೊದಲು ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಹೆಸರು ಬಂದವರಿಗೆ ಮಾತ್ರ ಕರೆ ಬರುತ್ತದೆ. ಹೆಸರು ಬಂದ ವರ್ಷ ಸಂಪಾದನೆ ಸಾಲುವುದಿಲ್ಲ, ಸಂಪಾದನೆ ಇದ್ದ ವರ್ಷ ಹೆಸರು ಬರುವುದಿಲ್ಲ. ತಾಯಂದಿರು ಈ ನಡುವೆ ತಮ್ಮ ಪಾಡಿಗೆ ಮುದುಕಿಯರಾಗುತ್ತಿರುತ್ತಾರೆ, ಅದಕ್ಕೆ ಚೀಟಿ ಬೇಕಾಗಿಲ್ಲ.

ಮಾರಿಫೆ ಗೆರೆಯ ಮೇಲಿರಲು ವಾರಕ್ಕೊಂದು ಪಾಳಿ ಹೆಚ್ಚಿಗೆ ಮಾಡುತ್ತಿದ್ದಳು. ಹಾಗಿರುವಾಗ ಲೂಸಿಂಗ್ ಹಾಸಿಗೆ ಹಿಡಿದಳು. ಹೊಟ್ಟೆಯ ಕ್ಯಾನ್ಸರ್.

ಆ ವರ್ಷದ ಬಗ್ಗೆ ಹೆಚ್ಚು ಹೇಳಲಾರೆ. ಮಾರಿಫೆ ನನ್ನನ್ನೂ ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಹೆಚ್ಚಿನ ಪಾಳಿ ಬಿಟ್ಟಳು, ಇದ್ದ ಪಾಳಿಯಲ್ಲೂ ಅರ್ಧ ಬಿಟ್ಟಳು. ನಾನು ಬಸ್ಸು ಓಡಿಸಲು ಹೋದಾಗ ಅವಳು ಲೂಸಿಂಗ್ ಪಕ್ಕದಲ್ಲಿರುತ್ತಿದ್ದಳು. ಮೀಯಿಸಿದಳು, ತಲೆ ಬಾಚಿದಳು, ಬಾಚಲು ಕೂದಲು ಉಳಿಯದಿದ್ದಾಗ ತಲೆಗೆ ಎಣ್ಣೆ ಸವರಿದಳು. ಒಂದು ದಿನ ನಾನೊಂದು ಲಕೋಟೆಯಲ್ಲಿ ದುಡ್ಡಿಟ್ಟು ಕೊಡಹೋದೆ.

"ಏನು ಕುಯಾ ಇದು?"

"ಪಾಳಿ ಬಿಟ್ಟಿದ್ದೀಯಲ್ಲ, ಅದಕ್ಕೆ..."

"ಆತೆ ಲೂಸಿಂಗ್ ನನ್ನ ಅಕ್ಕ. ಅಕ್ಕನಿಗೆ ಸ್ನಾನ ಮಾಡ್ಸಿದ್ದಕ್ಕೆ ಕೂಲಿ ತಗೊಳ್ಳೋಳಾ ನಾನು? ಇನ್ನೊಂದ್ಸಲ ಹೀಗೆ ಮಾಡಿದ್ರೆ ನಿಮ್ಮ ಹೊಸ್ತಿಲು ತುಳಿಯಲ್ಲ, ನೋಡಿ."

ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಆ ಮೂರು ದಿನವೂ ಬಂದು ಲೂಸಿಂಗ್‌ಳನ್ನು ಮೀಯಿಸಿ ಹೋದಳು. ನಮ್ಮಲ್ಲಿ ಅದು ಹಾಗೆಯೇ. ಕಾಯಿಲೆಯ ಮನೆಗೆ ಕೈ ಕೊಡಬೇಕು. ಕೈ ಕೊಟ್ಟವರಿಗೆ ದುಡ್ಡು ತೋರಿಸುವುದು ಕೆನ್ನೆಗೆ ಹೊಡೆದ ಹಾಗೆ. ಹಿಮ ಕರಗಿ ರಸ್ತೆಯೆಲ್ಲ ಕೆಸರಾದ ದಿನಗಳಲ್ಲಿ ಲೂಸಿಂಗ್ ಹೋದಳು. ಅವಳ ಕಣ್ಣು ಮುಚ್ಚಿದ್ದು ಮಾರಿಫೆಯ ಕೈ. ನಾನು ಆಗ ಕೆಳಗೆ ಹೋಗಿ, ಏನು ಮಾಡಬೇಕೆಂದು ತಿಳಿಯದೆ, ಕಾರಿನ ಗಾಜು ಒರೆಸುತ್ತಿದ್ದೆ.

ಅದಾಗಿ ಎರಡು ವರ್ಷಕ್ಕೆ ಚೀಟಿಯಲ್ಲಿ ಮಾರಿಫೆಯ ಹೆಸರು ಬಂತು.

ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿ ಭಾನುವಾರದ ಪೂಜೆಯ ನಂತರ ಸಂಭ್ರಮವೋ ಸಂಭ್ರಮ. ದೊಡ್ಡ ತಟ್ಟೆಗಳಲ್ಲಿ ಪಾನ್ಸಿತ್ ಶ್ಯಾವಿಗೆ ಬಂತು. ಆಯಸ್ಸು ಹೆಚ್ಚಲಿ ಎಂದು ಎಳೆ ತುಂಡಾಗದಂತೆ ಬಡಿಸಿದರು. ಮಾರಿಫೆ ಫೋನಿನಲ್ಲಿ ತಾಯಿಗೆ ಎಲ್ಲರ ಮುಖವನ್ನೂ ತೋರಿಸಿದಳು. ನನ್ನ ಮುಖ ಬಂದಾಗ ತಾಯಿ, "ನಲ್ಲಿಯವರು" ಎಂದು ಕೈ ಮುಗಿದಳು. ಅರ್ಜಿ ಕಳಿಸಲು ಎರಡು ತಿಂಗಳ ಗಡುವಿತ್ತು. ಆತೆ ಪುರಿಂಗ್ ಕನ್ನಡಕ ಏರಿಸಿ ಲೆಕ್ಕಕ್ಕೆ ಕೂತಳು. ನಮ್ಮ ಅರ್ಧ ಚರ್ಚಿನ ತೆರಿಗೆ ಲೆಕ್ಕ ನೋಡುವವಳು ಅವಳೇ. ಎಲ್ಲರ ಸಂಬಳ ಗೊತ್ತಿರುವುದರಿಂದ ಎಲ್ಲರ ಮೇಲೂ ಜೋರು ಮಾಡುತ್ತಾಳೆ.

"ಮೊದಲನೇ ವರ್ಷ, ಸರಿ. ಮೂರನೇದು, ಸರಿ." ಪೆನ್ಸಿಲು ನಿಂತಿತು. "ಮಧ್ಯದ್ದು ಏನೇ ಇದು? ಈ ವರ್ಷ ನಿದ್ದೆ ಹೊಡೀತಿದ್ಯಾ?"

ಮಾರಿಫೆ ಶ್ಯಾವಿಗೆಯ ತಟ್ಟೆಯನ್ನೇ ನೋಡುತ್ತಿದ್ದಳು.

"ಕೇಳ್ತಿದೀನಿ ತಾನೆ? ಎಲ್ಲಿ ಹೋಗಿದ್ದೆ ಆ ವರ್ಷ?"

"ನನ್ನ ಮನೇಲಿದ್ಲು" ಎಂದೆ ನಾನು. "ಲೂಸಿಂಗ್ ಹತ್ರ."

ಆತೆ ಪುರಿಂಗ್ ಕನ್ನಡಕ ತೆಗೆದು ಒರೆಸಿದಳು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ವಿವರವಾಗಿ ಕಾಗದ ಬರೆದು ಜೊತೆಗಿಟ್ರೆ?" ಯಾರೋ ಕೇಳಿದರು.

"ಬರೀಬಹುದು. ಗೆರೆಗೆ ಓದೋಕೆ ಬರಲ್ಲ" ಎಂದಳು ಪುರಿಂಗ್.

ಆದರೆ ಅವಳು ಅಷ್ಟಕ್ಕೆ ಬಿಡುವ ಹೆಂಗಸಲ್ಲ. ಗಂಡನಿದ್ದರೆ ಅವನೂ ಜೊತೆಗೆ ಸಹಿ ಹಾಕಬಹುದು, ಇಬ್ಬರ ಸಂಪಾದನೆಯನ್ನೂ ಕೂಡಿಸಬಹುದು, ಮದುವೆಗೆ ಎರಡು ತಿಂಗಳು ಧಾರಾಳವಾಯಿತು ಎಂದು ಅವಳಿಗೆ ಹೊಳೆಯಿತು. ಅಲ್ಲೇ, ಶ್ಯಾವಿಗೆಯ ಮುಂದೆ, ಗಂಡು ಹುಡುಕಾಟ ಶುರುವಾಯಿತು. ಬೇಕರಿಯ ರೋಮುಲೋ ಕುಡಿಯುತ್ತಾನೆ. ವೆಲ್ಡರ್ ಅನ್ಸೆಲ್ಮೋ ಕುಡಿಯುವುದಿಲ್ಲ, ಆದರೆ ಊರಲ್ಲಿ ಹೆಂಡತಿ ಇದ್ದಾಳೆ. ಪಾದ್ರಿಗಳು ಮಾತು ತಮ್ಮ ಕಡೆ ತಿರುಗೀತೆಂದು ಕಾಫಿ ಲೋಟ ಹಿಡಿದು ಹೊರಗೆ ಹೋದರು. ಕೊನೆಗೆ ಆತೆ ಪುರಿಂಗಳ ಕಣ್ಣು ಸಭಾಂಗಣವನ್ನೆಲ್ಲ ಸುತ್ತಿ, ಬೇರೆ ದಾರಿಯಿಲ್ಲದೆ, ನನ್ನ ಮೇಲೆ ಬಂದು ಕೂತಿತು.

"ದೋರೋ, ಬಸ್ಸಿನಲ್ಲಿ ಎಷ್ಟು ಬರುತ್ತೆ ನಿಂಗೆ?"

ಹೇಳಿದೆ. ಅವಳಿಗೆ ಗೊತ್ತಿದ್ದದ್ದೇ.

"ಬೇಸಿಗೆ ರಜೆಯಲ್ಲಿ ಸರ್ಕಾರ ಕೊಡೋ ನಿರುದ್ಯೋಗ ಭತ್ಯೆ ಲೆಕ್ಕಕ್ಕಿಲ್ಲ, ಅದನ್ನ ಕಳಿ. ಮಕ್ಕಳಿಬ್ಬರು, ನೀನೊಬ್ಬ. ಮಾರಿಫೆ, ಅವಳಮ್ಮ. ಐದು ಬಾಯಿಗೆ ಗೆರೆ ಎಲ್ಲಿಗೆ ಹೋಗುತ್ತೆ..." ಹಾಡಿನ ಹಾಳೆಯ ಹಿಂಬದಿಯಲ್ಲಿ ಕೂಡಿದಳು, ಕಳೆದಳು, ಇನ್ನೊಂದು ಸಲ ಕೂಡಿದಳು. ಆಮೇಲೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ತೀರ್ಪು ಕೊಟ್ಟಳು: "ನಷ್ಟ. ಇವನನ್ನ ಕಟ್ಕೊಂಡ್ರೆ ಈಗಿರೋದಕ್ಕಿಂತ ಕೆಳಗೆ ಹೋಗ್ತಾಳೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಗಂಡನಾಗಿ ನಾನು ನಷ್ಟ ಎಂಬ ಗುಮಾನಿ ಲೂಸಿಂಗ್‌ಗೆ ಮೊದಲಿನಿಂದಲೂ ಇತ್ತು. ಲೆಕ್ಕ ಹಾಕಿ ತೋರಿಸಿದವರು ಮಾತ್ರ ಇರಲಿಲ್ಲ.

ನಗು ಮನೆಯವರೆಗೆ ಉಳಿಯಲಿಲ್ಲ. ಆ ವಾರವೆಲ್ಲ ಬಸ್ಸಿನಲ್ಲಿ ಮಕ್ಕಳ ಗದ್ದಲದ ನಡುವೆ ಅದೇ ಯೋಚನೆ. ಶನಿವಾರ ನನ್ನ ಮದುವೆಯ ಬಾರೋಂಗ್ ಅಂಗಿ ಹುಡುಕಿ ತೆಗೆದೆ. ತೆಳ್ಳನೆಯ ನಾರಿನ, ಕಸೂತಿಯ ಅಂಗಿ. ನಮ್ಮಲ್ಲಿ ಮದುವೆಗೂ ಅದೇ, ಸಾವಿನ ಮನೆಗೂ ಅದೇ. ಅದನ್ನು ಹೊಲಿದವನು ಆಗಿನ ನನ್ನ ಹೊಟ್ಟೆಗೆ ಹೊಲಿದಿದ್ದ. ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡು ಮೇಲಿನ ಮಹಡಿಗೆ ಹೋಗಿ ಬಾಗಿಲು ತಟ್ಟಿದೆ.

ಮಾರಿಫೆ ಬಾಗಿಲು ತೆರೆದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಯಾರಾದ್ರೂ ಹೋಗ್ಬಿಟ್ರಾ ಕುಯಾ?"

"ಇಲ್ಲ. ಮಾರಿಫೆ, ಲೆಕ್ಕ ಸರಿಹೋಗಲ್ಲ ಅಂತ ನಂಗೂ ಗೊತ್ತು. ರಾತ್ರಿ ಪಾಳಿ ಟ್ಯಾಕ್ಸಿ ಓಡಿಸ್ತೀನಿ. ಹೋದ ವರ್ಷಗಳದ್ದು ತುಂಬೋಕಾಗಲ್ಲ ಅನ್ನೋದೂ ಗೊತ್ತು. ಆದ್ರೂ ಕೇಳೋದು ನನ್ನ ಧರ್ಮ. ನನ್ನನ್ನ..."

ಅಷ್ಟರಲ್ಲಿ ಹೊಟ್ಟೆಯ ಮೇಲಿನ ಗುಂಡಿ ಕಿತ್ತು ಅವಳ ಕಾಲ ಬಳಿ ಹೋಗಿ ಬಿತ್ತು. ಅವಳು ಬಾಗಿಲಿಗೆ ಒರಗಿ ನಕ್ಕಳು. ನಕ್ಕು ನಕ್ಕು, ನಗುವಿನ ಕೊನೆ ಬೇರೆ ಕಡೆಗೆ ತಿರುಗಿ, ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಳು. ನಾನು ಗುಂಡಿ ಹೆಕ್ಕಿಕೊಂಡೆ. ಇಂಥ ಹೊತ್ತಿನಲ್ಲಿ ಗಂಡಸಿಗೆ ಮಾಡಲು ಒಂದು ಕೆಲಸ ಇರುವುದು ಒಳ್ಳೆಯದು.

"ಒಳಗೆ ಬನ್ನಿ, ಅನ್ನ ಇದೆ" ಎಂದಳು ಕೊನೆಗೆ.

ಕರಿದ ಒಣಮೀನು, ಅನ್ನ, ಟೊಮೇಟೊ. ಮದುವೆಯ ಅಂಗಿಯಲ್ಲೇ ಕೂತು ಕೈಯಲ್ಲಿ ಉಂಡೆ.

"ಒಂದು ಮಾತು ಕುಯಾ. ಆ ವರ್ಷ ನಾನು ಆತೆ ಲೂಸಿಂಗ್‌ಗೆ ಕೊಟ್ಟಿದ್ದು. ಕೊಟ್ಟಿದ್ದನ್ನ ನೀವು ಹೀಗೆ ಅಂಗಿ ಹಾಕ್ಕೊಂಡು ವಾಪಸ್ ಕೊಡೋಕೆ ಬರಬೇಡಿ."

"ಇನಾಯ್‌ಗೆ ಏನು ಹೇಳ್ತೀಯ?"

"ಈ ಸಲ ಆಗ್ಲಿಲ್ಲ ಅಂತ. ಯಾಕೆ ಅಂತ ಅವರು ಕೇಳಲ್ಲ. ಅಭ್ಯಾಸ ಆಗಿದೆ."

ತಾಯಿ ಕೇಳಲಿಲ್ಲವಂತೆ. "ಹಾಸಿಗೆ ಪ್ಲಾಸ್ಟಿಕ್ ತೆಗೀಬೇಡ, ಧೂಳು ಕೂರುತ್ತೆ" ಎಂದಷ್ಟೇ ಹೇಳಿದಳಂತೆ.

ಮರುವರ್ಷ ಸರ್ಕಾರ ಚೀಟಿ ಕೈಬಿಟ್ಟು, ಯಾರು ಮೊದಲು ಹೆಸರು ತುಂಬುತ್ತಾರೋ ಅವರಿಗೆ ಎಂದಿತು. ಹೇಳಿದ ದಿನ ಹೇಳಿದ ಹೊತ್ತಿಗೆ ಕಂಪ್ಯೂಟರಿನಲ್ಲಿ ಬಾಗಿಲು ತೆರೆಯಿತು. ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಚ್ಚಿತು. ಮಾರಿಫೆ ಆ ಹೊತ್ತಿಗೆ ವಿರಾಮ ಕೇಳಿಟ್ಟುಕೊಂಡಿದ್ದಳು. ಆದರೆ ಅವಳು ಮೀಯಿಸುತ್ತಿದ್ದ ಮುದುಕಿಯೊಬ್ಬಳು ಸ್ನಾನದ ಕುರ್ಚಿಯಲ್ಲಿ ಕೂತು ಇವಳ ಮುಂಗೈ ಹಿಡಿದು, "ಹೋಗಬೇಡ" ಎಂದು ಬಿಡಲಿಲ್ಲವಂತೆ. ಸೋಪಿನ ನೊರೆ ಮೈಮೇಲಿರುವವರನ್ನು ಬಿಟ್ಟು ಹೋಗುವುದು ಹೇಗೆ? ನಾನು ಅವಳ ಪರವಾಗಿ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೆ. ಒಂದೇ ಬೆರಳಿನಲ್ಲಿ ಒತ್ತುವವನು ನಾನು. ಅವಳ ಹೆಸರಿನ ಅರ್ಧಕ್ಕೆ ಬರುವಷ್ಟರಲ್ಲಿ ಸ್ಥಳ ತುಂಬಿದೆ ಎಂದು ಬಂತು.

ಹಾಗಾದರೆ ನೋಡಿಹೋಗಲಿಕ್ಕಾದರೂ ಬರಲಿ ಎಂದು ತಾಯಿ ಪ್ರವಾಸದ ವೀಸಾ ಕೇಳಿದಳು. ಕೊಡಲಿಲ್ಲ. ಗಂಡನಿಲ್ಲ, ಆಸ್ತಿಯಿಲ್ಲ, ಇರುವ ಒಬ್ಬಳೇ ಮಗಳು ಕೆನಡಾದಲ್ಲಿ. ಇಂಥವಳು ಬಂದರೆ ವಾಪಸು ಹೋಗುತ್ತಾಳೆಂದು ನಮಗೆ ನಂಬಿಕೆ ಬರಲಿಲ್ಲ ಎಂದರು. ಮಗಳನ್ನು ನೋಡಬಾರದು, ಯಾಕೆಂದರೆ ಮಗಳಿದ್ದಾಳೆ. ನಾನು ಇದನ್ನು ತಮಾಷೆಯಾಗಿ ಹೇಳಿ ಮಾರಿಫೆಯನ್ನು ನಗಿಸಲು ನೋಡಿದೆ. ಅವಳು ಮರ್ಯಾದೆಗೆ ನಕ್ಕಳು.

ಆಮೇಲೆ ಕೋವಿಡ್ ಬಂತು. ಅದಕ್ಕೆ ಸ್ವಲ್ಪ ಮೊದಲು ಕಾ-ಯಿ ಓದಲೆಂದು ಬೇರೆ ದೇಶಕ್ಕೆ ಹೋಗಿದ್ದಳು. ಅವಳ ತಮ್ಮನೂ ಬೆಳೆದಿದ್ದ. ಯಜಮಾನರು ಫ್ಲೋರ್ಡೆಲಿಸಾಳಿಗೆ ಒಂದು ಕೈಗಡಿಯಾರ ಕೊಟ್ಟು ಕಳಿಸಿದ್ದರು. ಅವಳು ಲೆಮೆರಿಗೆ ಹೋಗಿ ತಂಗಿಯ ಮಗಳ ತುಂಬಿದ ಮನೆಯಲ್ಲಿ ಇಳಿದುಕೊಂಡಳು. ಅಲ್ಲಿಯೂ ಎಲ್ಲರಿಗಿಂತ ಮೊದಲು ಎದ್ದು ಬಟ್ಟೆ ಒಗೆಯುತ್ತಿದ್ದಳಂತೆ.

ಇಲ್ಲಿ ವೃದ್ಧಾಶ್ರಮಗಳಲ್ಲಿ ಏನಾಯಿತೆಂದು ವಿವರಿಸುವುದು ಬೇಡ. ಮಾರಿಫೆ ಎಬ್ಬಿಸಿ ಮೀಯಿಸುತ್ತಿದ್ದವರಲ್ಲಿ ಎಷ್ಟೋ ಮಂದಿ ಹೋದರು. ಅವಳ ಕೈ ಬಿಡದ ಆ ಸ್ನಾನದ ಮುದುಕಿಯೂ ಹೋದಳು. ಕೆಲಸದವರು ಕಾಯಿಲೆ ಬಿದ್ದರು, ಕೆಲವರು ಹೆದರಿ ಬಿಟ್ಟರು. ಮಾರಿಫೆ ಎರಡೆರಡು ಪಾಳಿ ಮಾಡಿದಳು. ಕ್ರಿಸ್ಮಸ್ ದಿನವೂ ಮಾಡಿದಳು. ನಾನು ಬಾಗಿಲ ಹೊರಗೆ ಅನ್ನ, ಮಾಂಸದ ಅಡೋಬೋ ಇಟ್ಟು ತಟ್ಟಿ ಇಳಿದು ಬರುತ್ತಿದ್ದೆ. ಅವಳು ಒಳಗಿನಿಂದ, "ನಿಮ್ಮ ಅಡೋಬೋಗೆ ವಿನೆಗರ್ ಜಾಸ್ತಿ ಕುಯಾ" ಎಂದು ಕೂಗುತ್ತಿದ್ದಳು. ಧ್ವನಿ ದಿನದಿನಕ್ಕೆ ಸಣ್ಣದಾಗುತ್ತಿತ್ತು.

ಮತ್ತೆ ಚೀಟಿ ಎತ್ತಿದಾಗ ಹೆಸರು ಬಂತು. ಈ ಸಲ ಯಾರೂ ಶ್ಯಾವಿಗೆ ಮಾಡಲಿಲ್ಲ. ಆತೆ ಪುರಿಂಗ್ ಸಭಾಂಗಣದ ಮೂಲೆಯಲ್ಲಿ ಕೂತು ಕೂಡಿದಳು. ಮೊದಲನೇ ವರ್ಷ, ಎರಡನೇ ವರ್ಷ, ಮೂರನೇ ವರ್ಷ.

"ದಾಟಿದ್ದೀಯ ಕಣೇ" ಎಂದಳು. "ಮೂರೂ ವರ್ಷ. ಎಷ್ಟೋ ಮೇಲಿದ್ದೀಯ."

ಅವು ಯಾವ ವರ್ಷಗಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಲೂಸಿಂಗ್ ಪಕ್ಕದಲ್ಲಿ ಕೂತ ವರ್ಷ ಅವಳನ್ನು ಗೆರೆಯ ಕೆಳಗೆ ತಳ್ಳಿತ್ತು. ಈ ವರ್ಷಗಳು ಮೇಲೆತ್ತಿದವು. ಆತೆ ಪುರಿಂಗ್ ಜೋರು ಮಾಡಲಿಲ್ಲ. ಕಾಗದಗಳನ್ನು ಜೋಡಿಸಿ, ಮಾರಿಫೆಯ ಕೈಗೆ ಕೊಟ್ಟು, ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು.

ಅರ್ಜಿ ಹೋದ ಮೇಲೆ ಇನ್ನೂ ಎರಡು ಚಳಿಗಾಲ ಕಾಯಿಸಿದರು. ತಾಯಿ ಮನಿಲಾಕ್ಕೆ ಹೋಗಿ ವೈದ್ಯರಿಗೆ ಎದೆ ತೋರಿಸಿದಳು, ಬೆರಳಚ್ಚು ಕೊಟ್ಟಳು. ಬೆರಳಚ್ಚು ಮೂಡಲೇ ಇಲ್ಲವಂತೆ. ಒಗೆದು ತೊಳೆದು ಸವೆದ ಬೆರಳುಗಳು. ಮತ್ತೆ ಕರೆಸಿದರು. ಫೋನಿನಲ್ಲಿ ಮಾತು ಕಡಿಮೆಯಾಗುತ್ತ ಬಂತು. ಕಾ-ಯಿಯ ಮೊಟ್ಟೆಯ ಸುದ್ದಿ ಈಗ ಇರಲಿಲ್ಲ, ಬೇರೆ ಏನು ಮಾತಾಡಬೇಕೆಂದು ತಾಯಿಗೂ ತಿಳಿಯುತ್ತಿರಲಿಲ್ಲ, ಮಗಳಿಗೂ ತಿಳಿಯುತ್ತಿರಲಿಲ್ಲ. ಎಷ್ಟೋ ಸಂಜೆ ಪರದೆಯ ಆ ಕಡೆ ಒಬ್ಬಳು ಬಟ್ಟೆ ಮಡಿಸುತ್ತ, ಈ ಕಡೆ ಒಬ್ಬಳು ಕಾಲು ಒತ್ತಿಕೊಳ್ಳುತ್ತ ಸುಮ್ಮನೆ ಕೂತಿರುತ್ತಿದ್ದರು.

ಜನವರಿಯ ಒಂದು ಮಧ್ಯಾಹ್ನ ವಿಮಾನ ಇಳಿಯಿತು. ನಾನು ವ್ಯಾನು ತಂದಿದ್ದೆ. ಗಾಜಿನ ಬಾಗಿಲು ಸರಿದು ಪುಟ್ಟ ಮುದುಕಿಯೊಬ್ಬಳು ತನಗಿಂತ ದೊಡ್ಡ ಪೆಟ್ಟಿಗೆ ತಳ್ಳಿಕೊಂಡು ಬಂದಳು. ಮಾರಿಫೆ ಓಡಿದವಳು ಹತ್ತಿರ ಹೋಗಿ ನಿಂತುಬಿಟ್ಟಳು, ಎಲ್ಲಿ ಮುಟ್ಟಬೇಕೆಂದು ತಿಳಿಯದವಳ ಹಾಗೆ. ಆಮೇಲೆ ತಾಯಿಯ ಕೈ ಹಿಡಿದು, ನಮ್ಮಲ್ಲಿ ಹಿರಿಯರಿಗೆ ನಮಸ್ಕರಿಸುವ ಹಾಗೆ, ತನ್ನ ಹಣೆಗೆ ಒತ್ತಿಕೊಂಡಳು.

"ದಪ್ಪ ಆಗಿದ್ದೀಯ" ಎಂದಳು ತಾಯಿ. ನಮ್ಮವರು ಪ್ರೀತಿಯಲ್ಲಿ ಮೊದಲು ಆಡುವ ಮಾತೇ ಅದು. ಅವಳ ತೋಳನ್ನು ಎರಡು ಸಲ ತಟ್ಟಿದಳು, ಅಂಗಿಯ ಮೇಲಿನ ಧೂಳು ಕೊಡವಿದ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ನಲ್ಲಿ ಸರಿಯಾಯ್ತೇನಪ್ಪ?" ಎಂದಳು.

ಪೆಟ್ಟಿಗೆ ಹೊತ್ತು ಮೂರನೆಯ ಮಹಡಿಗೆ ಹೋದೆ. ಸೊಂಟಕ್ಕೆ ಹಳೆಯದೆಲ್ಲ ನೆನಪಾಯಿತು. ಮಾರಿಫೆ ಕೋಣೆಯ ಬಾಗಿಲು ತೆರೆದು ಬದಿಗೆ ನಿಂತಳು. ಕಿಟಕಿಗೆ ಹೊಸ ಪರದೆ, ಗೋಡೆಯಲ್ಲಿ ಮೇರಿ ಮಾತೆ, ಮಂಚದ ಮೇಲೆ ಆ ಹಾಸಿಗೆ.

"ಹರೀರಿ ಇನಾಯ್. ನಿಮ್ಮದೇ."

ತಾಯಿ ಅಂಗೈಯಿಂದ ಪ್ಲಾಸ್ಟಿಕ್ಕನ್ನು ಸವರಿ ಸುಕ್ಕು ತೆಗೆದಳು. "ಇಷ್ಟು ದೊಡ್ಡದು ನಂಗ್ಯಾಕೆ ಮಗಾ? ಯಾರಾದ್ರೂ ನೆಂಟರು ಬಂದ್ರೆ ಇರ್ಲಿ." ಆಮೇಲೆ ಅಡಿಗೆಮನೆ ಎಲ್ಲಿದೆ ಎಂದು ಕೇಳಿದಳು.

ಮಾರಿಫೆ ಒಂದು ವಾರ ರಜೆ ಹಾಕಿದ್ದಳು. ಮರುದಿನ ಶನಿವಾರ ಬೆಳಗ್ಗೆಯೇ ವೃದ್ಧಾಶ್ರಮದಿಂದ ಫೋನು ಬಂತು: ಇಬ್ಬರಿಗೆ ಹುಷಾರಿಲ್ಲ, ಒಂದು ಪಾಳಿ ಬರಬೇಕು. ಹೂಂ ಅನ್ನುವ ಹೆಂಗಸು ಹೂಂ ಅಂದಿದ್ದಳು. ಚಳಿಗೆ ಅವಳ ಕಾರು ಚಾಲೂ ಆಗಲಿಲ್ಲ, ನನ್ನನ್ನು ಕರೆದಳು. ನಾನು ಮೇಲೆ ಹೋದಾಗ ಕೋಣೆಯ ಬಾಗಿಲು ತೆರೆದಿತ್ತು. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಗೇ ಇತ್ತು. ಅಡಿಗೆಮನೆಯಲ್ಲಿ ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂದು ಕಂಬಳಿ ಅಂಚಿಗೆ ಅಂಚು ಸೇರಿಸಿ ಮಡಿಸಿಟ್ಟಿತ್ತು.

"ಅಲ್ಲೇ ಮಲಗಿದ್ರು" ಎಂದಳು ಮಾರಿಫೆ ಮೆಲ್ಲಗೆ. "ಹಾಂಗ್‌ಕಾಂಗಲ್ಲಿ ಹಾಗೇ ಅಂತೆ. ಫ್ರಿಜ್ ಸದ್ದು ಕೇಳದಿದ್ರೆ ನಿದ್ದೆ ಬರಲ್ವಂತೆ."

ತಾಯಿ ಒಲೆಯ ಮುಂದಿದ್ದಳು. ಸೊಂಟಕ್ಕೆ ಏಪ್ರನ್, ಕೂದಲು ಬಿಗಿಯಾಗಿ ಕಟ್ಟಿತ್ತು. ಮಗಳನ್ನು ಕಂಡು ಕೈ ಒರೆಸಿಕೊಂಡು ನೆಟ್ಟಗೆ ನಿಂತಳು.

"ನಿಂಗೆ ಮೊಟ್ಟೆ ಹೇಗಿರಬೇಕು?"

ಮಾರಿಫೆ ಒಂದು ಕೈಗೆ ಕೋಟಿನ ತೋಳು ಹಾಕಿದ್ದವಳು ಹಾಗೇ ನಿಂತಳು.

"ಹಳದಿ ಹರೀಬೇಕಾ, ಗಟ್ಟಿಯಾಗಿರಬೇಕಾ?"

"ಹೇಗಿದ್ರೂ ಸರಿ, ಇನಾಯ್."

"ಹೇಗಿದ್ರೂ ಅಂದ್ರೆ ನಂಗೆ ಮಾಡೋಕೆ ಬರಲ್ಲ. ಹೇಳು ಮಗಾ, ನಂಗೆ ಗೊತ್ತಿಲ್ಲ."

ಮಾರಿಫೆ ನನ್ನ ಕಡೆ ನೋಡಿದಳು, ನನಗೆ ಗೊತ್ತಿರಬಹುದೇನೋ ಎಂಬಂತೆ. ಇಷ್ಟು ವರ್ಷ ಅವಳು ನಿಂತಲ್ಲೇ ತಿಂದು, ಯಾರದೋ ತಟ್ಟೆಯಲ್ಲಿ ಮಿಕ್ಕಿದ್ದನ್ನು ತಿಂದು, ವಿನೆಗರ್ ಜಾಸ್ತಿಯಾದ ನನ್ನ ಅಡೋಬೋ ತಿಂದು ಬದುಕಿದವಳು. ಅವಳಿಗೆ ಮೊಟ್ಟೆ ಹೇಗಿರಬೇಕೆಂದು ಯಾರೂ ಕೇಳಿರಲಿಲ್ಲ.

ತಾಯಿ ಒಂದನ್ನು ಹರಿಯುವ ಹಾಗೆ, ಒಂದನ್ನು ಗಟ್ಟಿಯಾಗಿ ಮಾಡಿ ತಟ್ಟೆಯಲ್ಲಿಟ್ಟಳು. ಮಗಳನ್ನು ಕೂರಿಸಿದಳು, ತಾನು ಕೂರಲಿಲ್ಲ. ಗೋಡೆಗೆ ಒರಗಿ, ಏಪ್ರನ್ನಿನ ಮುಂದೆ ಕೈ ಕಟ್ಟಿ ನಿಂತಳು. ಮಾರಿಫೆ ಎದ್ದು ಹೋಗಿ, ವೃದ್ಧಾಶ್ರಮದಲ್ಲಿ ಹಠ ಹಿಡಿದ ಮುದುಕರನ್ನು ಕೂರಿಸುವ ಹಾಗೆ, ತಾಯಿಯ ಮೊಣಕೈ ಕೆಳಗೆ ಕೈಯಿಟ್ಟು, "ಬನ್ನಿ, ಒಂಚೂರು ಕೂತ್ಕೊಳೋಣ" ಎಂದಳು. ತಾಯಿ ಕುರ್ಚಿಯ ತುದಿಯಲ್ಲಿ ಕೂತಳು. ಮಗಳು ಒಂದು ತುತ್ತು ತಿಂದ ಕೂಡಲೇ ಮತ್ತೆ ಎದ್ದು ಅವಳ ತಟ್ಟೆ ತೆಗೆಯಲು ನಿಂತಳು. ಎರಡೂ ಮೊಟ್ಟೆ ಹೆಚ್ಚುಕಮ್ಮಿ ಹಾಗೇ ಉಳಿದವು.

"ಹೊತ್ತಾಯ್ತು" ಎಂದೆ ನಾನು. ಏನಾದರೂ ಹೇಳಬೇಕಿತ್ತು.

ಬಾಗಿಲ ಬಳಿ ಮಾರಿಫೆ ಹಿಮದ ಬೂಟಿಗೆ ಕಾಲು ತೂರಿಸಿದಳು. ಬಗ್ಗುವ ಮೊದಲೇ ತಾಯಿ ಬಂದು ಅವಳ ಮುಂದೆ ನೆಲಕ್ಕೆ ಮೊಣಕಾಲೂರಿದಳು. ಮಾರಿಫೆ ಗೋಡೆಗೆ ಒಂದು ಕೈ ಕೊಟ್ಟು ನಿಂತಳು. ತಾಯಿ ದಾರ ಎಳೆದು ಬಿಗಿ ಮಾಡಿ ಒಂದು ಗಂಟು ಹಾಕಿದಳು, ಅದರ ಮೇಲೆ ಇನ್ನೊಂದು. ಆಮೇಲೆ ಇನ್ನೊಂದು ಕಾಲು.

"ಎರಡು ಗಂಟು ಹಾಕಿದ್ದೀನಿ" ಎಂದಳು ತಲೆಯೆತ್ತದೆ. "ಶಾಲೇಲಿ ಬಿಚ್ಕೊಳಲ್ಲ."

ಮಾರಿಫೆಯ ಇನ್ನೊಂದು ಕೈ ತಾಯಿಯ ತಲೆಯ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ, ಸ್ವಲ್ಪ ಹೊತ್ತು ನಿಂತಿತ್ತು.

"ಹೂಂ, ಇನಾಯ್" ಎಂದಳು.

ನಾನು ವ್ಯಾನು ಬಿಸಿ ಮಾಡುತ್ತೇನೆಂದು ಹೇಳಿ ಮೊದಲು ಇಳಿದು ಬಂದೆ.